ಲೈಸೆನ್ಸ್ ಬೇಡ ಸರಿ, ಗುದ್ದಿದ್ರೆ ದುಡ್ಡು ಕೊಡೋರು ಯಾರು?

ಪುಣೆಯ ಶಿವಾಜಿನಗರ ಕೋರ್ಟಲ್ಲಿ ಆಕ್ಸಿಡೆಂಟ್ ಕ್ಲೇಮ್ ಕೇಸು ನಡೆಸೋ ವಕೀಲ ನಾನು. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಹಿಂಜೆವಾಡಿಗೆ, ಬಾಣೇರ್‌ಗೆ ಕೆಲಸಕ್ಕೆ ಬಂದಿರೋ ನಮ್ಮ ಹುಡುಗ್ರು ಈಚೆಗೆ ಒಂದೇ ವಾದ ಹಿಡ್ಕೊಂಡು ಆಫೀಸಿಗೆ ಬರ್ತಿದ್ದಾರೆ. ಆಪ್‌ನಲ್ಲಿ ಬಾಡಿಗೆಗೆ ತಗೊಳ್ಳೋ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್‌ಗೆ ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಇಲ್ಲ, ಹಾಗಾಗಿ ಕೇಸೂ ಇಲ್ಲ ಅಂತ. ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗ್ತಿಲ್ಲ, ಅದಕ್ಕೇ ಬರೀತಿದ್ದೀನಿ.

ಅರ್ಧ ಮಾತು ನಿಜ. ಮೋಟಾರ್ ಪವರ್ 0.25 ಕಿಲೋವ್ಯಾಟ್‌ಗಿಂತ ಕಮ್ಮಿ, ಸ್ಪೀಡ್ ಗಂಟೆಗೆ 25 ಕಿಲೋಮೀಟರ್‌ಗಿಂತ ಕಮ್ಮಿ ಇದ್ದು, ನಮ್ಮ ವೇತಾಳ ಟೇಕಡಿ ಮೇಲಿರೋ ಎಆರ್‌ಎಐ ಥರದ ಟೆಸ್ಟಿಂಗ್ ಸಂಸ್ಥೆ ಅದನ್ನ ಪರೀಕ್ಷೆ ಮಾಡಿ ಒಪ್ಪಿದ್ರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಗಾಡಿ ಮೋಟಾರು ವಾಹನ ಅನ್ನಿಸ್ಕೊಳ್ಳಲ್ಲ. ಅದಕ್ಕೇ ಲೈಸೆನ್ಸ್ ಕೇಳಲ್ಲ. ಆದ್ರೆ ಅದೇ ಕಾರಣಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸೂ, ಅಂದ್ರೆ ನಾವು ಗುದ್ದಿದವರಿಗೆ ದುಡ್ಡು ಕೊಡೋ ಪಾಲಿಸಿನೂ, ಕಡ್ಡಾಯ ಇಲ್ಲ, ಈ ಎರಡನೇ ಮಾತು ಯಾರ ಕಿವಿಗೂ ಬೀಳಲ್ಲ.

ಒಬ್ಬ ಹುಡುಗನ ಕಥೆ ಹೇಳ್ತೀನಿ, ಗುರುತು ಸಿಗದ ಹಾಗೆ. ಸಂಜೆ ಹೊತ್ತು, ಔಂಧ್ ಕಡೆ, ಮೆಂತ್ಯ ಸೊಪ್ಪಿನ ಕಟ್ಟು ಹಿಡ್ಕೊಂಡು ರಸ್ತೆ ದಾಟ್ತಿದ್ದ ಮರಾಠಿ ಅಜ್ಜಿಗೆ ಗುದ್ದಿದ್ದ. ಸೊಂಟದ ಮೂಳೆ ಮುರೀತು. ಹುಡುಗ ಓಡಿಹೋಗಲಿಲ್ಲ, ತಾನೇ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದ್ದ, ಅದಕ್ಕೆ ನನಗೆ ಅವನ ಮೇಲೆ ಇವತ್ತಿಗೂ ಪ್ರೀತಿ ಇದೆ. ಆಪರೇಷನ್ ಬಿಲ್ ಹಿಡ್ಕೊಂಡು ಅಜ್ಜಿ ಮಗ ಮನೆಗೆ ಬಂದಾಗ ಇವನು ನನ್ನ ಹತ್ರ ಬಂದ. ಫೋನ್ ತೆಗೆದು "ಇಲ್ನೋಡ್ರಿ ಸರ, ಇನ್ಶೂರೆನ್ಸ್ ಐತಿ, ಇಲ್ಲೇ ಬರ್ದಾರ" ಅಂದ. ನಾನು ಸ್ಕ್ರೀನ್ ಕೆಳಗೆ ಸರಿಸ್ತಾ ಹೋದೆ. ಸಣ್ಣ ಅಕ್ಷರದಲ್ಲಿ ಇತ್ತು, ಗಾಡಿ ಓಡಿಸೋನಿಗೆ ಪೆಟ್ಟಾದ್ರೆ ಇಷ್ಟು, ಜೀವ ಹೋದ್ರೆ ಇಷ್ಟು. ಅಜ್ಜಿ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದನ್ನೇ ಬಿಡಿಸಿ ಹೇಳ್ತೀನಿ ಕೇಳಿ. ಆಪ್‌ನಲ್ಲಿ ಕಾಣೋ ಇನ್ಶೂರೆನ್ಸ್ ಸಾಮಾನ್ಯವಾಗಿ ನಿಮ್ಮ ಕೈಕಾಲಿಗೆ. ನೀವು ಯಾರಿಗೆ ಗುದ್ದಿದ್ರೋ ಅವರ ಕೈಕಾಲಿಗಲ್ಲ. ನಿಮ್ಮ ಸ್ವಂತ ಆಕ್ಟಿವಾದಲ್ಲಿ ಗುದ್ದಿದ್ರೆ ಟ್ರಿಬ್ಯೂನಲ್ (ಅಪಘಾತ ಪರಿಹಾರದ ಕೇಸು ನೋಡೋ ನ್ಯಾಯಮಂಡಳಿ) ಹೇಳಿದ ಪರಿಹಾರ ಬಹಳಷ್ಟು ಕೇಸಲ್ಲಿ ಇನ್ಶೂರೆನ್ಸ್ ಕಂಪನಿ ಕಟ್ಟುತ್ತೆ, ಯಾಕಂದ್ರೆ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಆ ಪಾಲಿಸಿ ಕಡ್ಡಾಯ ಮಾಡಿದೆ. ಈ ಸಣ್ಣ ಸ್ಕೂಟರ್‌ಗೆ ಅಂಥ ಪಾಲಿಸಿ ಇಲ್ಲದಿದ್ರೆ ನಿಮ್ಮ ಹಿಂದೆ ಯಾರೂ ಇಲ್ಲ, ನಿಮ್ಮ ಸಂಬಳ, ಊರಲ್ಲಿರೋ ಅಪ್ಪನ ಹೊಲ, ಅಷ್ಟೇ. ಪೆಟ್ಟು ತಿಂದವರಿಗೂ ಕಷ್ಟ, ಟ್ರಿಬ್ಯೂನಲ್ ಇರೋದು ಮೋಟಾರು ವಾಹನದ ಅಪಘಾತಕ್ಕೆ, ಹಾಗಾಗಿ ಅವರು ಸಿವಿಲ್ ಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು. ಕಂಪನಿ ಕಂಪನಿಗೆ ಷರತ್ತು ಬೇರೆ ಬೇರೆ, ಕೆಲವರು ಮೂರನೆಯವರಿಗೂ ಕವರ್ ಕೊಟ್ಟಿರಬಹುದು, ಓದಿ ನೋಡದೆ ನಾನು ಯಾರಿಗೂ ಹೌದು ಅಲ್ಲ ಅನ್ನಲ್ಲ.

ಕ್ರಿಮಿನಲ್ ಕೇಸ್ ಆಗಲ್ಲ ಅನ್ನೋದಂತೂ ಪೂರ್ತಿ ತಪ್ಪು. ಬೇಜವಾಬ್ದಾರಿಯಿಂದ ಓಡಿಸೋದಕ್ಕೆ ಹಾಕೋ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್‌ನಲ್ಲಿ ಇರೋದು ಯಾವುದೇ ವಾಹನ ಅಂತ, ಮೋಟಾರು ವಾಹನ ಅಂತ ಅಲ್ಲ.

ಗೋವಾದಲ್ಲಿ ಬಾಡಿಗೆಗೆ ತಗೊಳ್ಳೋ ಪೆಟ್ರೋಲ್ ಸ್ಕೂಟರ್ ವಿಷಯ ಬೇರೆ, ಅದಕ್ಕೆ ಲೈಸೆನ್ಸೂ ಬೇಕು, ಇನ್ಶೂರೆನ್ಸೂ ಇರಬೇಕು. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ರೆ ಅದು ಬಾಡಿಗೆಗೆ ಅನುಮತಿ ಇರೋ ಗಾಡಿ, ಅದನ್ನ ನೋಡ್ಕೊಂಡು ತಗೊಳ್ಳಿ.

ಇಷ್ಟೆಲ್ಲ ಹೇಳಿದ್ದಕ್ಕೆ ನಾನು ಈ ಸ್ಕೂಟರ್‌ಗಳ ವಿರೋಧಿ ಅಂದ್ಕೋಬೇಡಿ. ಮೆಟ್ರೋ ಇಳಿದು ಆಫೀಸ್ ಮುಟ್ಟೋ ಆ ಒಂದೆರಡು ಕಿಲೋಮೀಟರ್‌ಗೆ ಇದಕ್ಕಿಂತ ಸಲೀಸಾದ್ದು ನನಗೆ ಕಾಣ್ತಿಲ್ಲ, ಮುಂದೆ ಇವು ಜಾಸ್ತಿನೇ ಆಗಬೇಕು. ಆದ್ರೆ ಜರ್ಮನಿಯವರು ಮಾಡಿದ್ದು ನೋಡಿ. 2019ರ ಜೂನ್‌ನಲ್ಲಿ ನಿಂತು ಓಡಿಸೋ ಇ-ಸ್ಕೂಟರ್‌ಗೆ ರಸ್ತೆಗೆ ಬರೋಕೆ ಅನುಮತಿ ಕೊಟ್ರು, ಸ್ಪೀಡ್ ಬರೀ 20, ಲೈಸೆನ್ಸ್ ಬೇಡ, ಆದ್ರೆ ಇನ್ಶೂರೆನ್ಸ್ ಸ್ಟಿಕ್ಕರ್ ಕಡ್ಡಾಯ. ನಮ್ಮಲ್ಲೂ ಮಹಾನಗರಪಾಲಿಕೆ ಈ ಕಂಪನಿಗಳಿಗೆ ಫುಟ್‌ಪಾತ್ ಪಕ್ಕ ಜಾಗ ಕೊಡುವಾಗ, ದಾರಿಹೋಕರಿಗೂ ಕವರ್ ಇರೋ ಪಾಲಿಸಿ ತೋರಿಸಿ ಅಂತ ಕೇಳಬಹುದಲ್ಲ? ಮೊನ್ನೆ ಇದನ್ನೇ ಒಂದು ಹೌಸಿಂಗ್ ಸೊಸೈಟಿ ಮೀಟಿಂಗಲ್ಲಿ ಹೇಳಿದೆ, ಅವರಿಗೆ ಸ್ಕೂಟರ್ ಗೇಟ್ ಹತ್ರ ನಿಲ್ಲಬಾರದು ಅನ್ನೋದೊಂದೇ ಚಿಂತೆ.

ಅಲ್ಲೀವರೆಗೆ ನೀವು ಮಾಡೋದು ಇಷ್ಟು. ನಿಮ್ಮ ಅಕೌಂಟಿಂದ ತಮ್ಮನಿಗೋ ರೂಮ್‌ಮೇಟ್‌ಗೋ ಗಾಡಿ ತೆಗೆದುಕೊಡಬೇಡಿ, ರೆಕಾರ್ಡಲ್ಲಿ ಬರೋದು ನಿಮ್ಮ ಹೆಸರೇ. ಯಾರಿಗಾದ್ರೂ ತಾಗಿದ್ರೆ ಮೊದಲು ಅವರನ್ನ ನೋಡಿ, ಆಸ್ಪತ್ರೆಗೆ ಕಳಿಸಿ, ಆಮೇಲೆ ಗಾಡಿ ಮೇಲಿನ ನಂಬರ್, ಬ್ರೇಕ್, ರಸ್ತೆ ಫೋಟೋ ತೆಗೀರಿ, ಟ್ರಿಪ್‌ನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಬ್ರೇಕ್ ಕೆಲಸ ಮಾಡದೆ ಗುದ್ದಿದ್ರೆ ಕಂಪನಿ ಜವಾಬ್ದಾರಿ ಅಂತ ವಾದ ಮಾಡೋಕೆ ನಮಗೆ ಸಿಗೋದು ಅದೊಂದೇ, ಮರುದಿನ ಹೋಗಿ ನೋಡಿದ್ರೆ ಆ ಗಾಡಿ ಇನ್ಯಾರದೋ ಕೈಯಲ್ಲಿ ಇನ್ನೆಲ್ಲೋ ಓಡ್ತಿರುತ್ತೆ.