ಅಂಟಿಸುವುದೂ ಪಿಷ್ಟ, ಬಿಡಿಸುವುದೂ ಪಿಷ್ಟ

ಥೈರಾಯ್ಡ್ ಕೊರತೆ ಇದ್ದವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಗುಳಿಗೆಯಲ್ಲಿ ಔಷಧ ಇರುವುದು 50 ಮೈಕ್ರೋಗ್ರಾಂ. ಗುಳಿಗೆಯ ತೂಕ ಸುಮಾರು 100 ಮಿಲಿಗ್ರಾಂ. ಎರಡು ಸಾವಿರ ಪಾಲಿನಲ್ಲಿ ಒಂದು ಪಾಲು ಮಾತ್ರ ಥೈರಾಕ್ಸಿನ್, ಉಳಿದದ್ದೆಲ್ಲ ಬೇರೆ. ಆ 50 ಮೈಕ್ರೋಗ್ರಾಂ ಪುಡಿಯನ್ನಷ್ಟೇ ಕೊಟ್ಟರೆ ಬೆರಳಿಗೂ ಸಿಗದು. ಅದನ್ನು ಕೈಗೆ ಎಟಕುವ ಗಾತ್ರಕ್ಕೆ ತಂದು, ಗಟ್ಟಿಯಾಗಿ ಹಿಡಿದಿಟ್ಟು, ಹೊಟ್ಟೆ ಸೇರಿದ ಮೇಲೆ ಬಿಟ್ಟುಕೊಡುವ ವಸ್ತುಗಳಿಗೆ ಎಕ್ಸಿಪಿಯೆಂಟ್ ಎನ್ನುತ್ತಾರೆ. ಲ್ಯಾಕ್ಟೋಸ್, ಸೆಲ್ಯುಲೋಸ್, ಟಾಲ್ಕ್ ಎಲ್ಲ ಈ ಸಾಲಿನವು. ನನಗೆ ಇವುಗಳಲ್ಲಿ ಅತಿ ಕುತೂಹಲದ್ದು ಪಿಷ್ಟ, ಅಂದರೆ ಸ್ಟಾರ್ಚ್. ಹಾವೇರಿ, ರಾಣೆಬೆನ್ನೂರು ಸೀಮೆಯ ಹೊಲಗಳಲ್ಲಿ ತೆನೆಗಟ್ಟುವ ಗೋವಿನಜೋಳದ ಕಾಳಿನಲ್ಲಿ ಹೆಚ್ಚುಪಾಲು ಇರುವುದು ಇದೇ.

ಗುಳಿಗೆಗೆ ಹಾಕುವ ಪಿಷ್ಟ ಗಿರಣಿಯ ಹಿಟ್ಟಲ್ಲ. ಕಾಳನ್ನು ಗಂಧಕದ ಡೈಆಕ್ಸೈಡ್ ಬೆರೆತ ಬೆಚ್ಚನೆಯ ನೀರಿನಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ನೆನೆಸಿ, ಅರೆದು, ಮೊಳಕೆಯ ಭಾಗ, ಹೊಟ್ಟು, ಪ್ರೋಟೀನ್ ತೆಗೆದ ಮೇಲೆ ಉಳಿಯುವ ಶುದ್ಧ ಬಿಳಿ ಪುಡಿ ಅದು. ಅದರ ಕಣಗಳು ಸಾಮಾನ್ಯವಾಗಿ 5ರಿಂದ 20 ಮೈಕ್ರೋಮೀಟರ್ ಅಗಲ. ಪ್ರತಿ ಕಣದಲ್ಲೂ ಸುಮಾರು ಕಾಲು ಪಾಲು ಅಮೈಲೋಸ್ ಎಂಬ ನೀಳ ಸರಪಳಿ, ಉಳಿದದ್ದು ಕವಲೊಡೆದ ಅಮೈಲೋಪೆಕ್ಟಿನ್.

ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ರೊಟ್ಟಿ ಬಡಿಯಹೋದರೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿ ನಾದಿದರೆ ಹಿಟ್ಟು ಜಿಗುಟಾಗಿ ಕೂಡಿಕೊಳ್ಳುತ್ತದೆ. ಔಷಧ ಕಾರ್ಖಾನೆಯಲ್ಲಿ ನಡೆಯುವುದೂ ಇದೇ ರಸಾಯನ. ಗೋವಿನಜೋಳದ ಪಿಷ್ಟವನ್ನು ನೀರಿನಲ್ಲಿ ಕಲಸಿ ಕಾಯಿಸಿದರೆ 62ರಿಂದ 72 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕಣಗಳು ನೀರು ಕುಡಿದು ಉಬ್ಬಿ, ಒಳಗಿನ ಕಟ್ಟು ಸಡಿಲಾಗಿ, ಸರಪಳಿಗಳು ಹೊರಬಂದು ಗಂಜಿಯಾಗುತ್ತದೆ. ಈ ಗಂಜಿಯನ್ನು ಔಷಧದ ಪುಡಿಗೆ ಹಾಕಿ ಕಲಸಿ, ಜರಡಿಯಿಂದ ಒತ್ತಿ, ಒಣಗಿಸಿದರೆ ರವೆಯಂಥ ಗ್ರ್ಯಾನ್ಯೂಲ್ ಸಿಗುತ್ತದೆ. ಬರೀ ಪುಡಿ ಯಂತ್ರದ ಮೇಲಿನ ಆಲಿಕೆಯಂಥ ಹಾಪರ್‌ನಲ್ಲಿ ಕಟ್ಟಿಕೊಂಡು ನಿಂತುಬಿಡುತ್ತದೆ. ಗ್ರ್ಯಾನ್ಯೂಲ್ ಸರಾಗವಾಗಿ ಹರಿದು ಡೈ ಎಂಬ ಅಚ್ಚನ್ನು ತುಂಬುತ್ತದೆ, ಹಾಗಾಗಿ ಪ್ರತಿ ಗುಳಿಗೆಯ ತೂಕವೂ ಪ್ರಮಾಣವೂ ಒಂದೇ ಆಗುತ್ತವೆ. ಬಿ.ಫಾರ್ಮ್ ಓದುವ ಮಕ್ಕಳು ಹುಬ್ಬಳ್ಳಿ-ಧಾರವಾಡದಲ್ಲೂ ಪ್ಯಾರಸಿಟಮಾಲ್ ಗುಳಿಗೆ ಮಾಡುತ್ತಲೇ ಇದನ್ನು ಕೈಯಾರೆ ಕಲಿಯುತ್ತಾರೆ.

ಬೇಯಿಸಿದ ಪಿಷ್ಟ ಅಂಟಿಸಿತು. ಇನ್ನು ಬೇಯಿಸದ ಪಿಷ್ಟದ ಕೆಲಸ ತದ್ವಿರುದ್ಧ: ಗುಳಿಗೆಯನ್ನು ಒಡೆಯುವುದು. ಒಣ ಪಿಷ್ಟದ ಒಂದು ಪಾಲನ್ನು ಗಂಜಿ ಹಾಕುವ ಮೊದಲೇ ಪುಡಿಯಲ್ಲಿ ಬೆರೆಸುತ್ತಾರೆ, ಇನ್ನೊಂದು ಪಾಲನ್ನು ಗ್ರ್ಯಾನ್ಯೂಲ್ ಒಣಗಿದ ಮೇಲೆ. ಹೊರಗಿನ ಪಿಷ್ಟ ಗುಳಿಗೆಯನ್ನು ಗ್ರ್ಯಾನ್ಯೂಲ್‌ಗಳಾಗಿ ಬಿಡಿಸುತ್ತದೆ, ಒಳಗಿನದು ಗ್ರ್ಯಾನ್ಯೂಲನ್ನು ಪುಡಿಯಾಗಿಸುತ್ತದೆ. ಎಷ್ಟು ಜಾಣ ಏರ್ಪಾಡು ಇದು! ಪಿಷ್ಟ ಉಬ್ಬಿ ಗುಳಿಗೆಯನ್ನು ಸೀಳುತ್ತದೆ ಎಂಬುದು ಹಳೆಯ ವಿವರಣೆ. ಆದರೆ ಮೈಯ ಶಾಖದ ನೀರಿನಲ್ಲಿ ಗೋವಿನಜೋಳದ ಹಸಿ ಪಿಷ್ಟ ಉಬ್ಬುವುದು ಸ್ವಲ್ಪವೇ. ಪಿಷ್ಟದ ಕಣಗಳ ಜಾಲವೇ ಸಂದುಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ನೀರು ತಾಗಿದಲ್ಲಿ ಕಣ ಕಣಗಳ ಹಿಡಿತ ತಪ್ಪುತ್ತದೆ. ಅದಕ್ಕೇ ಯಂತ್ರದಲ್ಲಿ ಅತಿಯಾಗಿ ಒತ್ತಿದರೆ ಸಂದುಗಳು ಮುಚ್ಚಿಹೋಗಿ ಗುಳಿಗೆ ನೀರಿನಲ್ಲಿ ಕಲ್ಲಿನಂತೆ ಉಳಿಯುತ್ತದೆ. ಇದನ್ನು ಪರೀಕ್ಷಿಸಲು ಆರು ಗುಳಿಗೆಗಳನ್ನು 37 ಡಿಗ್ರಿ ನೀರಿನಲ್ಲಿ, ನಿಮಿಷಕ್ಕೆ ಸುಮಾರು 30 ಸಲ ಮೇಲೆ ಕೆಳಗೆ ಆಡುವ ಬುಟ್ಟಿಯಲ್ಲಿ ಇಡುತ್ತಾರೆ. ಲೇಪನ ಇಲ್ಲದ ಸಾಮಾನ್ಯ ಗುಳಿಗೆ 15 ನಿಮಿಷದೊಳಗೆ ಬಿಡಿಯಾಗಬೇಕು.

ನಿಮ್ಮ ಮನೆಯ ಗುಳಿಗೆಯಲ್ಲಿ ಪಿಷ್ಟ ಇದೆಯೇ ಎಂದು ನೋಡುವುದು ಸುಲಭ. ಅವಧಿ ಮುಗಿದ ಒಂದು ಬಿಳಿ ಗುಳಿಗೆಯನ್ನು ಪುಡಿ ಮಾಡಿ, ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡಿ. ಪಿಷ್ಟವಿದ್ದರೆ ಕಡುನೀಲಿ ಬರುತ್ತದೆ. ಅಮೈಲೋಸಿನ ಸುರುಳಿಯೊಳಗೆ ಅಯೋಡಿನ್ ಹೋಗಿ ಕೂತಾಗ ಹುಟ್ಟುವ ಬಣ್ಣ ಅದು. ಪ್ರಯೋಗ ಮುಗಿದ ಮೇಲೆ ಪುಡಿ ಮಕ್ಕಳ ಕೈಗೆ ಸಿಗಬಾರದು.

ಈ ವಸ್ತುಗಳನ್ನು ಬರೀ ಭರ್ತಿ ಎಂದು ತಿಳಿಯುವುದು ತಪ್ಪು. ಗುಳಿಗೆ ಅಚ್ಚಿಗೆ ಅಂಟದಿರಲಿ ಎಂದು ಸೇರಿಸುವ ಮೆಗ್ನೀಸಿಯಂ ಸ್ಟಿಯರೇಟ್ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲನ್ನೂ ಮೀರುವುದಿಲ್ಲ. ಅದನ್ನು ಕೊನೆಗೆ ಹಾಕಿ ಕೆಲವೇ ನಿಮಿಷ ಕಲಸುತ್ತಾರೆ. ಹೆಚ್ಚು ಹೊತ್ತು ಕಲಸಿದರೆ ಆ ಜಿಡ್ಡು ಕಣಕಣಕ್ಕೂ ಮೆತ್ತಿಕೊಳ್ಳುತ್ತದೆ. ಆಗ ನೀರು ಒಳಗೆ ಇಳಿಯದು, ಗುಳಿಗೆಯೂ ಗಟ್ಟಿಯಾಗದು. ಇನ್ನೂ ಕಠಿಣ ಪಾಠ 1968ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಮೂರ್ಛೆರೋಗದ ಫೆನಿಟೋಯಿನ್ ಕ್ಯಾಪ್ಸೂಲಿನಲ್ಲಿ ತುಂಬಿಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬದಲಿಗೆ ಲ್ಯಾಕ್ಟೋಸ್ ಹಾಕಿದರು. ಔಷಧದ ಪ್ರಮಾಣ ಬದಲಾಗಿರಲಿಲ್ಲ. ಆದರೆ ಅದು ರಕ್ತಕ್ಕೆ ಇಳಿಯುವ ಪ್ರಮಾಣ ಏರಿ, ಅದೇ ಕ್ಯಾಪ್ಸೂಲ್ ನುಂಗುತ್ತಿದ್ದ ರೋಗಿಗಳಲ್ಲಿ ವಿಷದ ಲಕ್ಷಣ ಕಾಣಿಸಿಕೊಂಡವು. ಫೆನಿಟೋಯಿನ್, ಥೈರಾಕ್ಸಿನ್‌ನಂಥ ಔಷಧಗಳ ಕಂಪನಿಯನ್ನು ವೈದ್ಯರಿಗೆ ಹೇಳದೆ ಬದಲಿಸಬಾರದು ಎನ್ನುವುದು ಇದಕ್ಕಾಗಿ.

ನಮ್ಮಲ್ಲಿ ಸಿಗುವ ಎಷ್ಟೋ ಸ್ಟ್ರಿಪ್‌ಗಳ ಹಿಂದೆ ‘ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.’ ಎಂದಷ್ಟೇ ಇರುತ್ತದೆ, ಬೇಕಾದಷ್ಟು ಹಾಕಿದೆ ಎಂಬರ್ಥದಲ್ಲಿ. ಯಾವುದನ್ನು ಹಾಕಿದೆ ಎಂಬುದು ಅಲ್ಲಿಲ್ಲ. ಗೋಧಿಯ ಗ್ಲುಟೆನ್ ಒಗ್ಗದವರಿಗೆ ಪಿಷ್ಟ ಗೋವಿನಜೋಳದ್ದೋ ಗೋಧಿಯದ್ದೋ ಎಂಬುದು ಮುಖ್ಯ, ಹಾಲಿನ ಸಕ್ಕರೆ ಸ್ವಲ್ಪವೂ ಒಗ್ಗದವರಿಗೆ ಲ್ಯಾಕ್ಟೋಸ್ ಇದೆಯೇ ಎಂಬುದು ಮುಖ್ಯ. ಬಿಸ್ಕೀಟಿನ ಪೊಟ್ಟಣದ ಮೇಲೆ ಪಿಷ್ಟ, ಸಕ್ಕರೆ, ಎಣ್ಣೆ ಎಲ್ಲದರ ಹೆಸರು ಅಚ್ಚಾಗುತ್ತದೆ. ಪ್ರತಿ ಗುಳಿಗೆಯ ಸ್ಟ್ರಿಪ್ ಮೇಲೂ ಹಾಗೆ ಅಚ್ಚಾಗಬೇಕು.