ನೆನಪು ಇಟ್ಟುಕೊಳ್ಳದ ಅಯಸ್ಕಾಂತ

ಕಬ್ಬಿಣದ ಎರಡು ಬಗೆಯ ಲವಣಗಳನ್ನು ನೀರಲ್ಲಿ ಕರಗಿಸಿ ಅಮೋನಿಯಾ ಸುರಿದರೆ, ಕಿತ್ತಳೆ ಬಣ್ಣದ ದ್ರಾವಣ ಕಣ್ಣೆದುರೇ ಕಪ್ಪಾಗಿಬಿಡುತ್ತದೆ. ಆ ಕಪ್ಪೇ ಮ್ಯಾಗ್ನಟೈಟ್, ಕಬ್ಬಿಣದ ಒಂದು ಆಕ್ಸೈಡ್. ಒಂದೊಂದು ಕಣ ಸುಮಾರು 10 ನ್ಯಾನೋಮೀಟರ್, ಅಂದರೆ ಒಂದು ಲಕ್ಷ ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಬೀಕರಿನ ಪಕ್ಕ ಅಯಸ್ಕಾಂತ ಹಿಡಿದರೆ ಕಪ್ಪೆಲ್ಲ ಬಂದು ಆ ಬದಿಗೆ ಮೆತ್ತಿಕೊಳ್ಳುತ್ತದೆ, ನೀರು ತಿಳಿಯಾಗುತ್ತದೆ. ಅಯಸ್ಕಾಂತ ತೆಗೆದು ಅಲುಗಾಡಿಸಿದರೆ ಮತ್ತೆ ಎಲ್ಲ ಕಪ್ಪು.

ಇದರಲ್ಲೇನು ವಿಶೇಷ ಅಂತೀರಾ? ಉಕ್ಕಿನ ಸೂಜಿಯನ್ನು ಅಯಸ್ಕಾಂತಕ್ಕೆ ಉಜ್ಜಿದರೆ ಅದೂ ಅಯಸ್ಕಾಂತವಾಗುತ್ತದೆ, ಹಾಗೇ ಉಳಿಯುತ್ತದೆ. ಈ ಕಣಗಳು ಮಾತ್ರ ಆ ಗುಣವನ್ನು ತಕ್ಷಣ ಬಿಟ್ಟುಬಿಡುತ್ತವೆ.

ಹಾಗಂತ ಕಣ ದುರ್ಬಲ ಅಲ್ಲ. ದೊಡ್ಡ ತುಂಡಿನಲ್ಲಿ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ವಲಯಗಳಿರುತ್ತವೆ, ಒಂದನ್ನೊಂದು ಕಳೆದುಹಾಕುತ್ತವೆ. 10 ನ್ಯಾನೋಮೀಟರ್ ಕಣದಲ್ಲಿ ಅಷ್ಟು ಜಾಗವೇ ಇಲ್ಲ. ಇಡೀ ಕಣ ಒಂದೇ ವಲಯ, ಪುಟ್ಟದಾದರೂ ಪೂರ್ತಿ ಅಯಸ್ಕಾಂತ. ತೊಂದರೆ ಬರುವುದು ಶಾಖದಿಂದ. ಕಾಂತೀಯ ದಿಕ್ಕು ಉಲ್ಟಾ ಆಗಲು ಶಕ್ತಿಯ ಒಂದು ದಿಬ್ಬ ಹತ್ತಿ ಇಳಿಯಬೇಕು, ಆ ದಿಬ್ಬದ ಎತ್ತರ ಕಣದ ಗಾತ್ರದ ಮೇಲೆ ನಿಂತಿದೆ. ಕಣ ಸಣ್ಣದಾದರೆ ಕೋಣೆಯ ಬಿಸಿಯೇ ಸಾಕು, ಕಣ ಇದ್ದಲ್ಲೇ ಇದ್ದು ಅದರೊಳಗಿನ ದಿಕ್ಕು ಮಾತ್ರ ಅತ್ತಿಂದಿತ್ತ ಹಾರುತ್ತಿರುತ್ತದೆ.

1949ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಇದಕ್ಕೆ ಸೂತ್ರ ಕೊಟ್ಟರು. ಅದರಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡಿ, ನನಗಂತೂ ಇಂದಿಗೂ ಬೆರಗು. ಮ್ಯಾಗ್ನಟೈಟ್ ಕಣ 10 ನ್ಯಾನೋಮೀಟರ್ ಇದ್ದರೆ ದಿಕ್ಕು ಬದಲಾಗಲು ಕೆಲವೇ ನ್ಯಾನೋಸೆಕೆಂಡು ಸಾಕು. 20 ಇದ್ದರೆ ಸುಮಾರು ಒಂದು ಮಿಲಿಸೆಕೆಂಡು. 30 ಆದರೆ? ಸಾವಿರಾರು ವರ್ಷ! ಅಂದಾಜು ಲೆಕ್ಕವೇ ಇರಲಿ, ಅಗಲ ಬರೀ ಮೂರು ಪಟ್ಟು ಜಾಸ್ತಿ ಆಗಿದ್ದಕ್ಕೆ ಇಷ್ಟು ವ್ಯತ್ಯಾಸ. ಈ ಚಂಚಲ ಸ್ಥಿತಿಗೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಅಂತ ಹೆಸರು. ಅದೇ 10 ನ್ಯಾನೋಮೀಟರ್ ಕಣವನ್ನು ದ್ರವ ಹೀಲಿಯಂನಷ್ಟು ತಣ್ಣಗೆ ಮಾಡಿದರೆ ದಿಕ್ಕು ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಾಗಿ ನ್ಯಾನೋ ಅಂದರೆ ಸುಮ್ನೆ ಸಣ್ಣದು ಮಾಡುವುದಲ್ಲ. ಎಲ್ಲ ಕಣಗಳೂ ಒಂದೇ ಅಳತೆಗೆ ಬರಬೇಕು, ನಿಜವಾದ ಕಷ್ಟ ಅಲ್ಲಿರುವುದು.

ಈ ಮರೆವು ವೈದ್ಯರಿಗೆ ವರದಾನ. ರಕ್ತಕ್ಕೆ ಸೇರಿಸಿದ ಕಣಗಳು ತಾವೇ ಅಯಸ್ಕಾಂತಗಳಾಗಿ ಉಳಿದಿದ್ದರೆ ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು, ರಕ್ತನಾಳಕ್ಕೆ ಅದು ಅಪಾಯ ಅಲ್ವಾ? ಮೇಲೊಂದು ಸಕ್ಕರೆ ಜಾತಿಯ ಪದರ ಹೊದಿಸಿದರೆ ಅವು ಬಿಡಿಬಿಡಿಯಾಗಿಯೇ ತೇಲುತ್ತವೆ. ಎಂಆರ್‌ಐ ಯಂತ್ರದ ಪ್ರಬಲ ಕ್ಷೇತ್ರದೊಳಗೆ ಹೋದಾಗ ಮಾತ್ರ ಎಲ್ಲವೂ ಒಂದೇ ಕಡೆ ವಾಲಿ, ತಾವಿರುವ ಜಾಗವನ್ನು ಚಿತ್ರದಲ್ಲಿ ಕಪ್ಪಾಗಿ ತೋರಿಸುತ್ತವೆ.

ಮರೆಯಲೇಬಾರದು ಅನ್ನುವ ಜೀವಿಗಳೂ ಇವೆ. 1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ವರದಿ ಮಾಡಿದ, ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಒಳಗೇ ಇಂಥ ಕಬ್ಬಿಣದ ಹರಳುಗಳನ್ನು ಬೆಳೆಸಿ ಸರದಂತೆ ಪೋಣಿಸಿಕೊಳ್ಳುತ್ತವೆ. ಹರಳಿನ ಅಳತೆ ಸಾಮಾನ್ಯವಾಗಿ 35ರಿಂದ 120 ನ್ಯಾನೋಮೀಟರ್: ಮರೆವಿನ ಗಡಿಗಿಂತ ದೊಡ್ಡದು, ಆದರೂ ಒಂದೇ ವಲಯವಾಗಿ ಉಳಿಯುವಷ್ಟು ಸಣ್ಣದು. ಆ ಸರವೇ ದಿಕ್ಸೂಚಿ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ದೇಹ ಭೂಮಿಯ ಕಾಂತಕ್ಷೇತ್ರದ ಗುಂಟ ತಿರುಗಿ ನಿಲ್ಲುತ್ತದೆ.