ಪದ ಪರಿಚಯ: ಲ್ಯಾನ್ಯಾರ್ಡ್ ಬಳೆ

ಒಂದು ಆಯುಧಪೂಜೆಯ ದಿನ ದಾವಣಗೆರೆಯಲ್ಲಿ ಪೊಲೀಸರ ಆಯುಧಗಳನ್ನು ಎಣ್ಣೆಬಟ್ಟೆಯಿಂದ ಒರೆಸಿ, ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತ್ತು. ಸಾಲಿನ ಕೊನೆಯಲ್ಲಿದ್ದ ಹಳೆಯ ರಿವಾಲ್ವರಿನ ಹಿಡಿಯ ತಳದಲ್ಲಿ, ಕಿರುಬೆರಳಷ್ಟೇ ತೂರಬಹುದಾದ ಒಂದು ಉಕ್ಕಿನ ಬಳೆಯಿತ್ತು. ಯಾರೋ ಅದಕ್ಕೆ ದಾರ ಪೋಣಿಸಿ ಚೆಂಡುಹೂವೊಂದನ್ನು ಕಟ್ಟಿದ್ದರು. ಬಳೆ ಯಾತಕ್ಕೆ ಎಂದು ಕೇಳಿದಾಗ ಪಕ್ಕದಲ್ಲಿದ್ದ ಹಿರಿಯ ಪೇದೆಯೊಬ್ಬರು, “ಮೊಳೆಗೆ ನೇತು ಹಾಕಾಕ ಇರಬೇಕು ಬಿಡ್ರಿ ಸರ್” ಎಂದರು.

ಬಳೆಯ ನಿಜವಾದ ಕೆಲಸ ಬೇರೆ. ಪಿಸ್ತೂಲನ್ನು ಅದನ್ನು ಹಿಡಿದವನ ಮೈಗೆ ಕಟ್ಟಿಡುವ ಹುರಿಗೆ ಲ್ಯಾನ್ಯಾರ್ಡ್ ಎಂದು ಹೆಸರು. ಹುರಿಯ ಒಂದು ತುದಿ ಈ ಬಳೆಗೆ ಸೇರಿದರೆ ಇನ್ನೊಂದು ತುದಿ ಕೊರಳಿಗೋ ಹೆಗಲಿಗೋ ಸೊಂಟದ ಪಟ್ಟಿಗೋ ಸುತ್ತಿಕೊಳ್ಳುತ್ತದೆ. ಪೆಟ್ಟಿಗೆಯ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಹೊಲಕ್ಕೆ ಹೋಗುತ್ತಿದ್ದ ಅಜ್ಜಂದಿರನ್ನು ಕಂಡವರಿಗೆ ಈ ಉಪಾಯ ಹೊಸದೆನಿಸದು.

ಪದದ ಮೂಲ ಫ್ರೆಂಚ್ ಭಾಷೆಯ ‘ಲಾನಿಯೇರ್’. ಅಲ್ಲಿ ಅದಕ್ಕೆ ತೊಗಲಿನ ಪಟ್ಟಿ, ಬಾರು ಎಂಬ ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಅದು ನಾವಿಕರ ಬಾಯಲ್ಲಿ ಪಳಗಿತು. ಹಾಯಿಯನ್ನು ಹೊರುವ ಅಡ್ಡಮರಕ್ಕೆ ಅವರು ‘ಯಾರ್ಡ್’ ಎನ್ನುತ್ತಿದ್ದುದರಿಂದ ಪದದ ಬಾಲವೂ ಅದರಂತೆಯೇ ಬದಲಾಯಿತು. ಓಲಾಡುವ ಹಡಗಿನ ಕಂಬದ ಮೇಲೆ ಕೆಲಸ ಮಾಡುವವನ ಕೈಯಿಂದ ಚಾಕು ಜಾರಿದರೆ ಅದು ಸಮುದ್ರದ ಪಾಲಾಗುತ್ತಿತ್ತು, ಇಲ್ಲವೇ ಕೆಳಗಿದ್ದವನ ನೆತ್ತಿಗೆ ಬೀಳುತ್ತಿತ್ತು. ಚನ್ನಗಿರಿ ಕಡೆಯ ತೋಟಗಳಲ್ಲಿ ಅಡಿಕೆ ಮರ ಹತ್ತುವವರಿಗೆ ಈ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ನೆಲದ ಮೇಲೆ ಈ ಹುರಿ ಹೆಚ್ಚು ಬೇಕಾದದ್ದು ಕುದುರೆ ಸವಾರನಿಗೆ. ಅವನ ಎಡಗೈಯಲ್ಲಿ ಲಗಾಮು, ಬಲಗೈಗೆ ಕತ್ತಿ ಮತ್ತು ಪಿಸ್ತೂಲು ಎರಡೂ ಬೇಕು. ಹಳೆಯ ಪಿಸ್ತೂಲಿನಲ್ಲಿದ್ದುದು ಒಂದೇ ಗುಂಡು. ಅದು ಹಾರಿದ ಮೇಲೆ ಓಡುವ ಕುದುರೆಯ ಬೆನ್ನಿನ ಮೇಲೆ ಮದ್ದು ತುಂಬುವುದು ಆಗದ ಮಾತಾದ್ದರಿಂದ, ಪಿಸ್ತೂಲನ್ನು ಕೈಬಿಟ್ಟು ಕತ್ತಿ ಎಳೆಯಬೇಕಿತ್ತು. ಹುರಿಯಿದ್ದರೆ ಪಿಸ್ತೂಲು ಪಕ್ಕದಲ್ಲಿ ಜೋತಾಡುತ್ತ ಉಳಿಯುತ್ತದೆ. ಇಲ್ಲವಾದರೆ ಗೊರಸುಗಳ ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಲು ಯಾವ ಸವಾರನೂ ಇಳಿಯಲಾರ. ಕೈಜಾರುವ ಭಯ ಎಷ್ಟಿತ್ತೆಂದರೆ, ಮದ್ದು ಗಿಡಿಯುವ ಸರಳಾದ ಗಜವನ್ನೂ ನಳಿಗೆಯ ತುದಿಗೆ ತಿರುಗುವ ಕೊಂಡಿಯಿಂದ ಜೋಡಿಸಿ, ಕಳಚದಂತೆ ಮಾಡುತ್ತಿದ್ದರು. ಫ್ರಾನ್ಸಿನ 1822ರ ಮಾದರಿಯ ಸವಾರರ ಪಿಸ್ತೂಲಿನಲ್ಲಿ ಹಿಡಿಯ ತುದಿಯ ಹಿತ್ತಾಳೆ ಟೊಪ್ಪಿಗೆಗೆ ಬಳೆಯಿದೆ. ಬ್ರಿಟಿಷರ 1856ರ ಮಾದರಿಯಲ್ಲಿ ಬಳೆಯೂ ಇದೆ, ಬಿಡಿಸಲಾಗದ ಗಜವೂ ಇದೆ.

ಮೊದಮೊದಲು ಜೋಡಿ ಪಿಸ್ತೂಲುಗಳು ಜೀನಿನ ಮುಂಭಾಗದ ತೊಗಲಿನ ಚೀಲಗಳಲ್ಲಿ ಇರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ರಿವಾಲ್ವರು ಬಂದು, ಆಯುಧ ಜೀನಿನಿಂದ ಸವಾರನ ಸೊಂಟಕ್ಕೆ ಏರಿದಾಗ ಬಳೆಯ ಬಳಕೆ ವ್ಯಾಪಕವಾಯಿತು. ಹರಿಹರದ ಹೊರಗೆ 1865ರವರೆಗೂ ದೇಶೀ ಸಿಪಾಯಿಗಳ ದಂಡು ಇದ್ದ ಕಾಲವೂ ಇದೇ. ಬ್ರಿಟಿಷ್ ಸೇನೆ 1887ರಲ್ಲಿ ಒಪ್ಪಿಕೊಂಡ ವೆಬ್ಲಿ ರಿವಾಲ್ವರು, ರಷ್ಯದ 1895ರ ನಾಗಾಂ ರಿವಾಲ್ವರು, ಜರ್ಮನಿಯ ಲೂಗರ್ ಪಿಸ್ತೂಲು ಎಲ್ಲಕ್ಕೂ ಹುರಿ ಕಟ್ಟುವ ಬಳೆಯೋ ಕುಣಿಕೆಯೋ ಉಂಟು. ನನಗೆ ಎಲ್ಲಕ್ಕಿಂತ ಹಿಡಿಸಿದ ಉದಾಹರಣೆ ಅಮೆರಿಕದ ಸೇನೆಯ 1911ರ ಕೋಲ್ಟ್ ಪಿಸ್ತೂಲು: ಅದರ ಹಿಡಿಗಷ್ಟೇ ಅಲ್ಲ, ಆರಂಭದ ದಿನಗಳಲ್ಲಿ ಗುಂಡುಗಳನ್ನು ತುಂಬಿ ಹಿಡಿಯೊಳಗೆ ತೂರಿಸುವ ಮ್ಯಾಗಜಿನ್ನಿನ ತಳಕ್ಕೂ ಒಂದು ಕುಣಿಕೆ ಇತ್ತು. ಕುದುರೆಯ ಮೇಲೆ ಕುಳಿತು ಮ್ಯಾಗಜಿನ್ ಬದಲಿಸುವವನ ಪಾಡನ್ನು ಯಾರೋ ಕೂಲಂಕಷವಾಗಿ ಯೋಚಿಸಿದ್ದಾರೆ.

ಹುರಿಯ ಅಳತೆಯಲ್ಲಿ ಸೂಕ್ಷ್ಮವಿದೆ. ತೋಳು ಪೂರ್ತಿ ಚಾಚಿ ಗುರಿಯಿಡುವಷ್ಟು ಉದ್ದವಿರಬೇಕು. ಅದಕ್ಕಿಂತ ಉದ್ದವಾದರೆ ಸವಾರ ಕಾಲಿಡುವ ರಿಕಾಪಿಗೋ ಕತ್ತಿಯ ಹಿಡಿಗೋ ತೊಡರುತ್ತದೆ. ಕೆಲವು ಬಳೆಗಳನ್ನು ಸುತ್ತ ತಿರುಗುವಂತೆ ಕೂರಿಸುವುದು ಹುರಿ ಮುರಿಬೀಳದಿರಲೆಂದು. ಕೈಕೈ ಮಿಲಾಯಿಸಿದಾಗ ಕೊರಳ ಹುರಿ ಎದುರಾಳಿಯ ಕೈಗೆ ಸಿಕ್ಕರೆ ಅದೇ ನೇಣಾಗಬಹುದು. ಹೆಗಲಿಗೆ ಹಾಕಿಕೊಂಡರೆ ಆ ಅಪಾಯ ಕಡಿಮೆ.

ಕುದುರೆಗಳು ಸೇನೆಯಿಂದ ಮರೆಯಾದರೂ ಕೆಸರು, ಕತ್ತಲೆ, ದೋಣಿ, ವಿಮಾನಗಳು ಬಳೆಯನ್ನು ಉಳಿಸಿಕೊಂಡವು. ಇಂದು ಅದೇ ಹೆಸರಿನ ಹುರಿ ಪೊಲೀಸರ ಹೆಗಲಿನಿಂದ ಜೇಬಿನ ಸೀಟಿಯವರೆಗೆ ಇಳಿದಿರುತ್ತದೆ. ನಮ್ಮೂರಿನ ಕಾಲೇಜು ಮಕ್ಕಳ ಕೊರಳಲ್ಲಿ ಗುರುತಿನ ಚೀಟಿ ಹೊತ್ತ ಪಟ್ಟಿಯೂ ಲ್ಯಾನ್ಯಾರ್ಡೇ, ಅವರು ಅದನ್ನು ಟ್ಯಾಗ್ ಎಂದರೂ.

ಹಳೆಯ ಪಿಸ್ತೂಲಿನ ಬಳೆ ಬಳಕೆಯಲ್ಲಿತ್ತೋ ಇಲ್ಲವೋ ಎಂಬುದನ್ನು ಅದರ ಒಳಬದಿಯಿಂದ ಊಹಿಸಬಹುದು. ಆ ದಿನ ಮೇಜಿನ ಮೇಲಿದ್ದ ರಿವಾಲ್ವರಿನ ಬಳೆ ಒಂದೇ ಕಡೆ ಕರಿ ಬಣ್ಣ ಹೋಗಿ, ಸವೆದು ಬೆಳ್ಳಗಾಗಿತ್ತು; ಚೆಂಡುಹೂವಿನ ದಾರ ಜಾರಿ ಆ ಸವೆದ ಜಾಗದಲ್ಲೇ ನಿಂತಿತ್ತು.